ಹಳೇ ನಿಕಾನ್ ಡಿ90ಗೆ ಹೊಸ 128 ಜಿಬಿ ಕಾರ್ಡ್ ಹಾಕಿದರೆ ಆಗುತ್ತಿಲ್ಲ, ಹಳೇ ಕಾರ್ಡಲ್ಲಿ ಅಜ್ಜನ ಫೋಟೋ ಇದೆ

ಬುಟ್ಟಿಚಿತ್ತಾರ, ಸಾಗರ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಹತ್ತಿರದ ಹಳ್ಳಿಯವಳು. ಬೆಂಗಳೂರಲ್ಲಿರುವ ಅಣ್ಣ ಹೊಸ ಕ್ಯಾಮೆರಾ ತಗೊಂಡು, ತನ್ನ ಹಳೇ ನಿಕಾನ್ ಡಿ90 ನನಗೆ ಕೊಟ್ಟಿದ್ದಾನೆ. ಜೊತೆಗೆ 18-105 ಲೆನ್ಸು, ಚಾರ್ಜರು, ಒಂದು ಹಳೇ 2 ಜಿಬಿ ಕಾರ್ಡು. ಇಷ್ಟು ದಿನ ಮೊಬೈಲಲ್ಲೇ ಫೋಟೋ ತೆಗೆಯುತ್ತಿದ್ದೆ. ಇದರಲ್ಲಿ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತಿಲ್ಲ.

ಅವಸರ ಯಾಕೆ ಅಂದರೆ ಭೂಮಿ ಹುಣ್ಣಿಮೆ, ಅಂದರೆ ನಮ್ಮ ಕಡೆ ಗದ್ದೆಗೆ ಪೂಜೆ ಮಾಡುವ ಹಬ್ಬ, ಹತ್ತಿರ ಬಂತು. ಅಮ್ಮ ಅವತ್ತು ಗದ್ದೆಗೆ ಒಯ್ಯುವ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿಟ್ಟಿದ್ದಾಳೆ. ಇನ್ನು ಅಕ್ಕಿ ಅರೆದು, ಪುಂಡಿ ನಾರು ಹಿಡಿದು, ಒಂದೊಂದೇ ಎಳೆ ಬರೆಯೋಕೆ ಕೂರುತ್ತಾಳೆ. ಎರಡು ವರ್ಷದಿಂದ ಅವಳ ಕೈ ಸ್ವಲ್ಪ ನಡುಗುತ್ತದೆ. ಮುಂದಿನ ವರ್ಷ ಬರೆಯುತ್ತಾಳೋ ಇಲ್ಲವೋ ಗೊತ್ತಿಲ್ಲ, ಅದಕ್ಕೇ ಈ ಸಲದ್ದು ಮೊದಲ ಗೆರೆಯಿಂದ ಹಿಡಿದು ಹುಣ್ಣಿಮೆ ದಿನ ಕತ್ತಲಲ್ಲಿ ಗದ್ದೆಗೆ ಹೋಗಿ ಚರಗ, ಅಂದರೆ ಭೂಮಿಗೆ ಕೊಡುವ ಅಡುಗೆ, ಬೀರುವ ತನಕ ಎಲ್ಲ ತೆಗೆದಿಡಬೇಕು ಅಂತ ಆಸೆ.

ಅದಕ್ಕಂತಲೇ 128 ಜಿಬಿ ಕಾರ್ಡ್ ತಂದೆ. ಹಾಕಿದರೆ ಈ ಕಾರ್ಡ್ ಬಳಸಲು ಆಗುವುದಿಲ್ಲ ಅಂತ ಬರುತ್ತದೆ, ಮೇಲಿನ ಚಿಕ್ಕ ಪರದೆಯಲ್ಲಿ ಸಿ, ಎಚ್, ಎ ಅಂತ ಮಿಣಕುತ್ತದೆ. ಮೂರು ಸಲ ತೆಗೆದು ಹಾಕಿದೆ, ಅದೇ ಕಥೆ. ಹಳೇ 2 ಜಿಬಿ ಕಾರ್ಡ್ ಹಾಕಿದರೆ ಫಾರ್ ಅಂತ ಮಿಣಕುತ್ತದೆ, ಫಾರ್ಮ್ಯಾಟ್ ಮಾಡು ಅಂತ ಕೇಳುತ್ತದೆ. ನನಗೆ ಹೆದರಿಕೆ ಆಗಿರುವುದು ಇದರದ್ದೇ. ಅಜ್ಜ ಗದ್ದೆ ಅಂಚಲ್ಲಿ ನಿಂತ ಫೋಟೋ ಆ ಕಾರ್ಡಲ್ಲಿ ಇರಬೇಕು, ಲ್ಯಾಪ್‌ಟಾಪ್‌ಗೆ ಹಾಕಿದ ನೆನಪಿಲ್ಲ ಅಂತಾನೆ ಅಣ್ಣ. ಅಜ್ಜ ಹೋಗಿ ಆರು ವರ್ಷ ಆಯಿತು. ಫಾರ್ಮ್ಯಾಟ್ ಒತ್ತಿದರೆ ಎಲ್ಲ ಹೋಗಿಬಿಡುತ್ತಾ?

ಇನ್ನೊಂದು, ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಎಲ್ಲ ಮಂಜು ಮಂಜು. ಲೆನ್ಸ್ ಹಾಳಾಗಿದೆಯಾ?

ನೆಹರೂರೋಡ್ ಮದುವೆಫೋಟೋ, ಶಿವಮೊಗ್ಗ

ತಂಗಿ, ಮೊದಲು ಆ 2 ಜಿಬಿ ಕಾರ್ಡನ್ನ ಕ್ಯಾಮೆರಾದಿಂದ ತೆಗೆದುಬಿಡು. ಕಾರ್ಡಿನ ಪಕ್ಕದಲ್ಲಿ ಉಗುರಲ್ಲಿ ಸರಿಸುವಂಥ ಒಂದು ಚಿಕ್ಕ ಗುಂಡಿ ಇರುತ್ತದೆ ನೋಡು, ಅದನ್ನ ಕೆಳಗೆ ತಳ್ಳಿ ಲಾಕ್ ಮಾಡು. ಈಗ ಕ್ಯಾಮೆರಾ ಅದರ ಮೇಲೆ ಏನೂ ಬರೆಯುವುದಿಲ್ಲ. ಏನು ಕೇಳಿದರೂ ಫಾರ್ಮ್ಯಾಟ್ ಒತ್ತಬೇಡ. ಮುಂದಿನದ್ದು ಬೇರೆಯವರು ನನಗಿಂತ ಚೆನ್ನಾಗಿ ಹೇಳುತ್ತಾರೆ.

128 ಜಿಬಿದ್ದು ಕಾರ್ಡಿನ ತಪ್ಪೂ ಅಲ್ಲ, ಕ್ಯಾಮೆರಾ ಕೆಟ್ಟದ್ದೂ ಅಲ್ಲ. ಡಿ90 ಬಂದಿದ್ದು 2008ರ ಆಗಸ್ಟಲ್ಲಿ. 32 ಜಿಬಿಗಿಂತ ದೊಡ್ಡ ಕಾರ್ಡುಗಳದ್ದು ಎಸ್‌ಡಿಎಕ್ಸ್‌ಸಿ ಅನ್ನುವ ಬೇರೆ ಜಾತಿ, ಅದನ್ನ ಘೋಷಣೆ ಮಾಡಿದ್ದೇ 2009ರ ಜನವರಿಯಲ್ಲಿ. ಕಾರ್ಡಿನ ಜಾತಿ ಹುಟ್ಟುವ ಮೊದಲೇ ನಿನ್ನ ಕ್ಯಾಮೆರಾ ಅಂಗಡಿಗೆ ಬಂದಾಗಿತ್ತು, ಹಾಗಾಗಿ ಅದಕ್ಕೆ ಇದರ ಗುರುತೇ ಇಲ್ಲ. ಎಸ್‌ಡಿಎಚ್‌ಸಿ ಅಂತ ಬರೆದಿರುವ 32 ಜಿಬಿ ಕಾರ್ಡ್ ತಗೋ. ಅದೇ ಮೇಲಿನ ಮಿತಿ. ವೇಗದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡ, ಇಂಗ್ಲಿಷ್ ಸಿ ಅಕ್ಷರದ ಒಳಗೆ 10 ಅಂತ ಇದ್ದರೆ ಸಾಕು. ವಿ90 ಅಂತೆಲ್ಲ ಬರೆದಿರುವ ದುಬಾರಿ ಕಾರ್ಡ್ ಈ ಕ್ಯಾಮೆರಾಗೆ ಸುಮ್ನೆ ದಂಡ.

32 ಜಿಬಿ ಸಾಲಲ್ಲ ಅನ್ನಿಸಬಹುದು. ಡಿ90ಯಲ್ಲಿ ಒಂದು ರಾ ಫೈಲ್, ಅಂದರೆ ಕ್ಯಾಮೆರಾ ಕಂಡದ್ದನ್ನ ತಿದ್ದದೆ ಇಟ್ಟುಕೊಳ್ಳುವ ಫೈಲ್, ಹೆಚ್ಚು ಕಡಿಮೆ 11 ಎಂಬಿ, ಒಳ್ಳೇ ಗುಣಮಟ್ಟದ ಜೆಪೆಗ್ 6 ಎಂಬಿ. ಎರಡೂ ಸೇರಿಸಿ ತೆಗೆದರೂ 1500ಕ್ಕಿಂತ ಜಾಸ್ತಿ ಫೋಟೋ ಹಿಡಿಯುತ್ತದೆ. ಆದರೂ ಒಂದರ ಬದಲು ಎರಡು ತಗೋ. ನಾನು ಇಪ್ಪತ್ತು ವರ್ಷದಿಂದ ಮದುವೆಗೆ ಹೋಗುತ್ತಿದ್ದೇನೆ, ಮುಹೂರ್ತದ್ದೂ ಊಟದ್ದೂ ಒಂದೇ ಕಾರ್ಡಲ್ಲಿ ಇಡುವುದಿಲ್ಲ.

ಕಿಂಡಿ ಮಂಜು ಅಂದೆಯಲ್ಲ, ಲೆನ್ಸಿಗೆ ಏನೂ ಆಗಿಲ್ಲ. ಕಣ್ಣಿಡುವ ರಬ್ಬರಿನ ಬಲಗಡೆ ಒಂದು ಸಣ್ಣ ಚಕ್ರ ಇದೆ. ಅಣ್ಣ ತನ್ನ ಕಣ್ಣಿಗೆ ತಿರುಗಿಸಿಕೊಂಡಿದ್ದಾನೆ. ಒಳಗೆ ಕಾಣುವ ಅಂಕಿಗಳು ಚೂಪಾಗಿ ಕಾಣುವ ತನಕ ನಿನ್ನ ಕಣ್ಣಿಗೆ ತಿರುಗಿಸಿಕೋ.

ಅಟ್ಟದಮೇಲೆ, ಕೊಪ್ಪ

128 ಜಿಬಿ ಕಾರ್ಡನ್ನ ಕಂಪ್ಯೂಟರಲ್ಲಿ ಫ್ಯಾಟ್32 ಅನ್ನುವ ಹಳೇ ಬಗೆಯಲ್ಲಿ ಫಾರ್ಮ್ಯಾಟ್ ಮಾಡಿ ಹಾಕಿದರೆ ಕೆಲವು ಹಳೇ ಕ್ಯಾಮೆರಾ ತಗೊಳ್ಳುತ್ತವೆ ಮಾರಾಯ್ರೆ. ದುಡ್ಡು ಕೊಟ್ಟು ತಂದಿದ್ದಾರೆ, ಒಂದು ಸಲ ನೋಡಬಹುದಲ್ವಾ?

ನೆಹರೂರೋಡ್ ಮದುವೆಫೋಟೋ, ಶಿವಮೊಗ್ಗ

ಆಟಕ್ಕೆ ನೋಡಬಹುದು. ಅಮ್ಮ ಬುಟ್ಟಿ ಬರೆಯುವಾಗ ಬೇಡ. ತಗೊಂಡ ಹಾಗೆ ಕಂಡು ನಡುವೆ ಕೈ ಕೊಟ್ಟರೆ ಅವರನ್ನ ಇನ್ನೊಂದು ಸಲ ಬರೆಯಿರಿ ಅಂತ ಕೂರಿಸೋಕೆ ಆಗುತ್ತಾ? ಅಂಗಡಿಯವರು ಬದಲಾಯಿಸಿ ಕೊಟ್ಟರೆ ಸರಿ, ಇಲ್ಲದಿದ್ದರೆ ಆ ಕಾರ್ಡ್ ಲ್ಯಾಪ್‌ಟಾಪಿಗೆ ಇರಲಿ.

ತುಂಗಾತೀರ, ತೀರ್ಥಹಳ್ಳಿ

ಅಜ್ಜನ ಫೋಟೋ ಬಗ್ಗೆ ನಾನು ಹೇಳುತ್ತೇನೆ, ಇದು ನನಗೇ ಆಗಿದ್ದು. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತೆಪ್ಪೋತ್ಸವದ್ದು ತೆಗೆದು, ಮನೆಗೆ ಬಂದು ನಿದ್ದೆಗಣ್ಣಲ್ಲಿ ಫಾರ್ಮ್ಯಾಟ್ ಒತ್ತಿಬಿಟ್ಟಿದ್ದೆ. ಕೈಕಾಲು ತಣ್ಣಗಾದವು. ಪುಣ್ಯಕ್ಕೆ ಆಮೇಲೆ ಒಂದೂ ಫೋಟೋ ತೆಗೆಯಲಿಲ್ಲ.

ಕ್ಯಾಮೆರಾ ಸಾಮಾನ್ಯವಾಗಿ ಫಾರ್ಮ್ಯಾಟ್ ಮಾಡುವಾಗ ಫೋಟೋಗಳನ್ನ ಒಂದೊಂದಾಗಿ ಅಳಿಸುವುದಿಲ್ಲ. ಯಾವ ಫೋಟೋ ಎಲ್ಲಿದೆ ಅನ್ನುವ ಪಟ್ಟಿಯನ್ನ ಮಾತ್ರ ಹೊಸದಾಗಿ ಬರೆಯುತ್ತದೆ. ಫೋಟೋ ಒಳಗೇ ಇರುತ್ತವೆ, ಅವುಗಳ ಮೇಲೆ ಹೊಸದು ಬಂದು ಕೂತರೆ ಮಾತ್ರ ಹೋದವು. ನಿಮ್ಮ ಕಾರ್ಡಲ್ಲಿ ಆ ಪಟ್ಟಿ ಕೆಟ್ಟಿರಬಹುದು, ಅಥವಾ ಕಾರ್ಡಿನ ಹಿಂದಿನ ಬಂಗಾರದ ಬಣ್ಣದ ಪಟ್ಟಿಗಳ ಮೇಲೆ ನಮ್ಮ ಕಡೆಯ ಥಂಡಿಗೆ ಕೊಳೆ ಹಿಡಿದಿರಬಹುದು. ಒಣ ಹತ್ತಿ ಬಟ್ಟೆಯಲ್ಲಿ ಮೆತ್ತಗೆ ಒರೆಸಿ, ಲಾಕ್ ಮಾಡಿಯೇ ಕಾರ್ಡ್ ರೀಡರಿಗೆ ಹಾಕಿ. ಎಷ್ಟೋ ಸಲ ಅಷ್ಟಕ್ಕೇ ಕಾಣುತ್ತವೆ. ಡಿಸಿಐಎಂ ಅನ್ನುವ ಫೋಲ್ಡರ್ ಕಂಡರೆ ಪೂರ್ತಿ ಹಾಗೇ ಕಾಪಿ ಮಾಡಿಕೊಳ್ಳಿ.

ಕಾಣದಿದ್ದರೆ ವಿಂಡೋಸ್ ಕೂಡ ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಬೇಡ ಅನ್ನಿ. ಫೋಟೋರೆಕ್ ಅಂತ ಒಂದು ಪ್ರೋಗ್ರಾಂ ಇದೆ, ಪೂರ್ತಿ ಉಚಿತ, ಟೆಸ್ಟ್‌ಡಿಸ್ಕ್ ಅನ್ನುವ ಇನ್ನೊಂದು ಪ್ರೋಗ್ರಾಂ ಜೊತೆಗೆ ಬರುತ್ತದೆ. ಕಪ್ಪು ಪರದೆ, ಬಾಣದ ಗುರುತಿನ ಕೀಲಿಗಳಲ್ಲೇ ಆರಿಸಬೇಕು, ನೋಡೋಕೆ ಚೆಂದ ಇಲ್ಲ. ಆದರೆ ಅದು ಪಟ್ಟಿಯನ್ನ ನಂಬುವುದಿಲ್ಲ, ಕಾರ್ಡನ್ನ ತುದಿಯಿಂದ ತುದಿಗೆ ಓದಿ ಜೆಪೆಗ್ ಶುರುವಾಗುವ ಗುರುತು ಎಲ್ಲಿದೆ ಅಂತ ಹುಡುಕುತ್ತದೆ. ಎಲ್ಲಿ ಉಳಿಸಲಿ ಅಂತ ಕೇಳಿದಾಗ ಲ್ಯಾಪ್‌ಟಾಪಿನ ಫೋಲ್ಡರ್ ತೋರಿಸಿ, ಅದೇ ಕಾರ್ಡ್ ಮಾತ್ರ ಬೇಡ. ಸಿಕ್ಕಿದ ಫೈಲಿಗೆ ಹಳೇ ಹೆಸರು ಇರುವುದಿಲ್ಲ, ಆದರೆ ತೆಗೆದ ತಾರೀಖು ಫೋಟೋ ಒಳಗೇ ಬರೆದಿರುತ್ತದೆ, ಅದು ಹೋಗುವುದಿಲ್ಲ. ನನ್ನ ಜಾತ್ರೆದು ಕೊನೆಯ ದೀಪದವರೆಗೆ ಎಲ್ಲ ಸಿಕ್ಕಿತು.

ಕಾರ್ಡ್ ಬಿಸಿಯಾಗುತ್ತಿದ್ದರೆ, ಅಥವಾ ಒಮ್ಮೆ ಕಂಡು ಒಮ್ಮೆ ಮಾಯವಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ತಿಳಿದವರ ಕೈಗೆ ಕೊಡಿ.

ಬುಟ್ಟಿಚಿತ್ತಾರ, ಸಾಗರ

ಲಾಕ್ ಮಾಡಿ ಒಂದು ಡಬ್ಬಿಗೆ ಹಾಕಿಟ್ಟೆ. ನಾಳೆ ಸಾಗರಕ್ಕೆ ಹೋಗಿ ಕಾರ್ಡ್ ರೀಡರೂ 32 ಜಿಬಿ ಕಾರ್ಡೂ ತರುತ್ತೇನೆ. ಹೊಸ ಕಾರ್ಡ್ ಹಾಕಿದ ಮೇಲೆ ಏನೇನು ಮಾಡಬೇಕು ಅಂತ ಯಾರಾದರೂ ಹೇಳುತ್ತೀರಾ?

ಹಕ್ಕಿಗೂಡು, ಮಂಡಗದ್ದೆ ಕಡೆಯಿಂದ

ನಾನೂ ಡಿ90ಯಲ್ಲೇ ಕಲಿತವಳು, ನದಿ ದಂಡೆಯಲ್ಲಿ ನಿಂತು ಬೆಳ್ಳಕ್ಕಿ ತೆಗೆಯುತ್ತಾ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ ಅಕ್ಕ, ಬೇಜಾರಾಗಬೇಡಿ.

ಕಾರ್ಡ್ ಹಾಕುವಾಗಲೂ ತೆಗೆಯುವಾಗಲೂ ಕ್ಯಾಮೆರಾ ಆಫ್ ಇರಲಿ, ಹಸಿರು ದೀಪ ಉರಿಯುವಾಗ ಬಾಗಿಲು ತೆಗೆಯಲೇಬೇಡಿ. ಹೊಸ ಕಾರ್ಡನ್ನ ಕಂಪ್ಯೂಟರಲ್ಲಿ ಅಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಮೆನು ಹುಡುಕುವುದೇ ಬೇಡ. ಕಸದಬುಟ್ಟಿ ಚಿತ್ರದ ಬಟನ್ ಪಕ್ಕ ಕೆಂಪಲ್ಲಿ ಫಾರ್ಮ್ಯಾಟ್ ಅಂತ ಬರೆದಿದೆ, ಮೇಲ್ಗಡೆ ಬೆಳಕು ಅಳೆಯುವ ಬಟನ್ ಹತ್ತಿರವೂ ಅದೇ ಬರೆದಿದೆ. ಎರಡನ್ನೂ ಒಟ್ಟಿಗೆ ಎರಡು ಸೆಕೆಂಡ್ ಒತ್ತಿ ಹಿಡಿದರೆ ಫಾರ್ ಮಿಣಕುತ್ತದೆ, ಆಗ ಎರಡನ್ನೂ ಇನ್ನೊಮ್ಮೆ ಒತ್ತಬೇಕು. ಇಷ್ಟು ಸುಲಭ ಇದೆ ಅಂತಲೇ ಹೇಳುತ್ತೇನೆ, ಫೋಟೋ ಎರಡು ಕಡೆ ಕಾಪಿ ಆಗುವ ತನಕ ಆ ಬಟನ್‌ಗಳ ಹತ್ತಿರ ಬೆರಳು ಹೋಗಬಾರದು.

ಆಮೇಲೆ ತಾರೀಖು. ಡಿ90 ಒಳಗೆ ಗಡಿಯಾರಕ್ಕೆ ಬೇರೆ ಪುಟ್ಟ ಬ್ಯಾಟರಿ ಇದೆ, ದೊಡ್ಡ ಬ್ಯಾಟರಿ ಹಾಕಿದ್ದಾಗ ಅದರಿಂದಲೇ ಚಾರ್ಜ್ ಆಗುತ್ತದೆ. ಎರಡು ದಿನ ಬಿಟ್ಟರೆ ಸುಮಾರು ಮೂರು ತಿಂಗಳಿಗೆ ಸಾಕು. ನಿಮ್ಮದು ವರ್ಷಗಟ್ಟಲೆ ಬೀರುವಲ್ಲಿತ್ತು ಅನ್ನಿಸುತ್ತದೆ, ಖಂಡಿತ ತಪ್ಪು ತಾರೀಖು ತೋರಿಸುತ್ತಿರುತ್ತದೆ. ದೆಹಲಿ ಸಮಯ, ಅಂದರೆ 5:30 ಆರಿಸಿ, ತಾರೀಖು ಹಾಕಿ. ನಾನು ಇದನ್ನ ಅಸಡ್ಡೆ ಮಾಡಿ, ಒಂದು ಇಡೀ ಅಡಿಕೆ ಕೊಯ್ಲಿನ ಫೋಟೋಗಳಿಗೆ ಜನವರಿ 1 ಅಂತ ಕೂತಿತ್ತು. ಯಾವ ದಿನ ಕೊನೆ ಇಳಿಸಿದ್ದು, ಯಾವ ದಿನ ಬೇಯಿಸಿದ್ದು ಅಂತ ಈಗಲೂ ಬೇರೆ ಮಾಡೋಕೆ ಆಗಿಲ್ಲ.

ಮೆನುವಿನಲ್ಲಿ ಕಾರ್ಡ್ ಇಲ್ಲದಿದ್ದರೆ ಏನು ಮಾಡಲಿ ಅಂತ ಒಂದು ಆಯ್ಕೆ ಇದೆ, ಅದನ್ನ ಲಾಕ್‌ಗೆ ಇಡಿ. ಇಲ್ಲದಿದ್ದರೆ ಕಾರ್ಡ್ ಲ್ಯಾಪ್‌ಟಾಪಲ್ಲಿ ಮರೆತಿದ್ದರೂ ಕ್ಯಾಮೆರಾ ಕ್ಲಿಕ್ ಕ್ಲಿಕ್ ಅನ್ನುತ್ತದೆ, ಫೋಟೋ ಕೂಡ ತೋರಿಸುತ್ತದೆ, ಮೂಲೆಯಲ್ಲಿ ಡೆಮೊ ಅಂತ ಇರುತ್ತದೆ ಅಷ್ಟೇ. ಹಾಗೇ ಫೈಲ್ ನಂಬರ್ ಸಾಲಾಗಿ ಮುಂದುವರಿಯಲಿ ಅನ್ನುವುದನ್ನ ಆನ್ ಮಾಡಿ. ಆಫ್ ಇದ್ದರೆ ಪ್ರತಿ ಫಾರ್ಮ್ಯಾಟ್ ಆದ ಮೇಲೆ 0001ರಿಂದ ಶುರುವಾಗುತ್ತದೆ, ಒಂದೇ ಫೋಲ್ಡರಿಗೆ ಕಾಪಿ ಮಾಡುವಾಗ ಹಳೇದರ ಮೇಲೆ ಹೊಸದು ಕೂರುವ ಅಪಾಯ ಇದೆ.

ಬುಟ್ಟಿ ಫೋಟೋಗೆ ಬಣ್ಣವೇ ಮುಖ್ಯ ಅಲ್ವಾ. ಹಳದಿ ಬಲ್ಬ್ ಕೆಳಗೆ ಕೆಮ್ಮಣ್ಣು ಕಿತ್ತಳೆ ಆಗುತ್ತದೆ, ಅಕ್ಕಿ ಹಿಟ್ಟಿನ ಬಿಳಿ ಎಳೆ ಅರಿಶಿನ ಹಚ್ಚಿದ ಹಾಗೆ ಕಾಣುತ್ತದೆ. ಅಮ್ಮ ಜಗಲಿಯಲ್ಲಿ ಹಗಲು ಬೆಳಕಲ್ಲಿ ಕೂತರೆ ಅದಕ್ಕಿಂತ ಒಳ್ಳೇದಿಲ್ಲ. ರಾತ್ರಿ ಬರೆಯುವುದಾದರೆ ಬೆಳಕಿಗೆ ತಕ್ಕ ಹಾಗೆ ಬಣ್ಣ ಸರಿಮಾಡುವ ಡಬ್ಲ್ಯೂಬಿ ಬಟನಲ್ಲಿ, ನಾವೇ ಅಳತೆ ಕೊಡುವ ಪಿಆರ್‌ಇ ಆರಿಸಿ, ಅದೇ ಬೆಳಕಲ್ಲಿ ಒಂದು ಬಿಳಿ ಕಾಗದ ಹಿಡಿದು ಅಳತೆ ಕೊಡಿ. ಏನೇ ಆದರೂ ರಾ ಮತ್ತು ಜೆಪೆಗ್ ಎರಡೂ ಉಳಿಸಿ, ಆಮೇಲೆ ಬಣ್ಣ ಸರಿ ಮಾಡೋಕೆ ರಾ ಬೇಕಾಗುತ್ತದೆ.

ಬೆಳಗಿನ ಜಾವ ಗದ್ದೆಯಲ್ಲಿ ಫ್ಲಾಶ್ ಮುಚ್ಚಿಡಿ. ಅದು ಬಿದ್ದರೆ ದೊಂದಿ ಬೆಳಕು ಸತ್ತುಹೋಗುತ್ತದೆ. ಕಡಿಮೆ ಬೆಳಕಲ್ಲೂ ಫೋಟೋ ಬರಲಿ ಅಂತ ಏರಿಸುವ ಐಎಸ್ಒ 1600 ಇಡಿ, ಸಾಲದಿದ್ದರೆ 3200. ಜೂಮ್ ಮಾಡಬೇಡಿ, ಹತ್ತಿರ ಹೋಗಿ. ನಿಮ್ಮ ಲೆನ್ಸ್ 18ರಲ್ಲಿ ಎಫ್ 3.5 ತೆರೆಯುತ್ತದೆ, ಜೂಮ್ ಮಾಡಿ 105ಕ್ಕೆ ಹೋದರೆ 5.6 ಅಷ್ಟೇ. ಈ ಎಫ್ ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ಅರ್ಧಕ್ಕಿಂತ ಕಡಿಮೆ ಬೆಳಕು.

ಹುಣ್ಣಿಮೆಗೆ ಎರಡು ದಿನ ಮೊದಲು, ಸಂಜೆ ಆರೂವರೆಗೆ ಕೊಟ್ಟಿಗೆಯಲ್ಲಿ ಐವತ್ತು ಫೋಟೋ ತೆಗೆದು, ಲ್ಯಾಪ್‌ಟಾಪಿಗೆ ಹಾಕಿ, ತೆರೆದು ನೋಡಿ. ಕಾರ್ಡ್, ರೀಡರ್, ಬ್ಯಾಟರಿ ಮೂರೂ ಅಲ್ಲೇ ಗೊತ್ತಾಗುತ್ತವೆ. ಬ್ಯಾಟರಿ ಎಷ್ಟು ಮುದಿಯಾಗಿದೆ ಅಂತ ಸೆಟಪ್ ಮೆನುವಿನ ಬ್ಯಾಟರಿ ಮಾಹಿತಿಯಲ್ಲೇ 0ಯಿಂದ 4ರವರೆಗೆ ತೋರಿಸುತ್ತದೆ. 4 ಇದ್ದರೆ ಬದಲಾಯಿಸಿ.

ಅಟ್ಟದಮೇಲೆ, ಕೊಪ್ಪ

ಒಂದು ಮಾತು ಸೇರಿಸುತ್ತೇನೆ. ಮಳೆಗಾಲದಲ್ಲಿ ಕ್ಯಾಮೆರಾ ಬೆಚ್ಚಗಿರಲಿ ಅಂತ ಒಲೆ ಮೇಲಿನ ಅಟ್ಟದಲ್ಲಿ ಇಡುವವರನ್ನ ನೋಡಿದ್ದೇನೆ, ನಮ್ಮನೆಯಲ್ಲೂ ಇಟ್ಟಿದ್ದರು. ಹೊಗೆಗೆ ಮಸಿ ಹಿಡಿಯಿತು, ಜೂಮ್ ತಿರುಗಿಸುವಾಗ ಕರಕರ ಅನ್ನತೊಡಗಿತು. ಚರ್ಮದ ಚೀಲವೂ ಬೇಡ, ಅದು ನೀರು ಹೀರಿಕೊಂಡು ಬೂಸ್ಟು ಬೆಳೆಸುತ್ತದೆ. ಗಾಳಿ ಹೋಗದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಬಣ್ಣ ಬದಲಾಗುವ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಚಿಕ್ಕ ಮೀಟರ್. ತೇವ ಶೇಕಡಾ 40ರಿಂದ 50 ಇದ್ದರೆ ಸರಿ. ಜೆಲ್ ಬಣ್ಣ ಬದಲಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಹಾಕಿ. ಅಡುಗೆ ಬಾಣಲೆ ಬೇಡ, ಅದಕ್ಕೇ ಒಂದು ಬೇರೆ ಇರಲಿ.

ಹುಣ್ಣಿಮೆ ದಿನ ಗದ್ದೆಯ ಚಳಿಯಿಂದ ಸೀದಾ ಹಬೆ ತುಂಬಿದ ಅಡುಗೆಮನೆಗೆ ಕ್ಯಾಮೆರಾ ತರಬೇಡಿ. ಲೆನ್ಸ್ ಮೇಲೆ ನೀರು ಕೂರುತ್ತದೆ. ಹೊರಗೇ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಒಳಗೆ ತನ್ನಿ, ಅರ್ಧ ಗಂಟೆ ಬಿಟ್ಟು ತೆಗೆಯಿರಿ.

ಬುಟ್ಟಿಚಿತ್ತಾರ, ಸಾಗರ

ನಾಲ್ಕು ದಿನ ಆಯಿತು, ಹೇಳಬೇಕು ಅಂತ ಬಂದೆ. 32 ಜಿಬಿ ಕಾರ್ಡ್ ಹಾಕಿದ ತಕ್ಷಣ ತಗೊಂಡಿತು. ಎರಡು ಬಟನ್ ಒತ್ತಿ ಫಾರ್ಮ್ಯಾಟ್ ಮಾಡಿದೆ, ತಾರೀಖು ಹಾಕಿದೆ, ಕೊಟ್ಟಿಗೆಯಲ್ಲಿ ಪರೀಕ್ಷೆಯೂ ಆಯಿತು. ಅಮ್ಮ ಬುಟ್ಟಿಯ ಒಂದು ಮಗ್ಗುಲು ಬರೆದು ಮುಗಿಸಿದ್ದಾಳೆ. ಕೈ ನಡುಗಿದ ಕಡೆ ಎಳೆ ಚೂರು ಅಲೆಯಾಗಿದೆ, ಫೋಟೋದಲ್ಲಿ ಅದೂ ಸ್ಪಷ್ಟ ಕಾಣುತ್ತದೆ.

ಹಳೇ ಕಾರ್ಡ್ ಒರೆಸಿ ಹಾಕಿದರೂ ತೆರೆಯಲಿಲ್ಲ. ಫೋಟೋರೆಕ್ ಹಾಕಿದೆ. 63 ಫೋಟೋ ಸಿಕ್ಕವು. ಅಜ್ಜ ಗದ್ದೆ ಅಂಚಲ್ಲಿ ನಿಂತಿದ್ದು ಇದೆ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಅಮ್ಮ ಬರೆದ ಬುಟ್ಟಿ. ಆ ಬುಟ್ಟಿಯ ಎಳೆ ಕೂದಲಷ್ಟು ಸಣ್ಣ, ನೆಟ್ಟಗೆ. ಅಮ್ಮ ಲ್ಯಾಪ್‌ಟಾಪ್ ಮುಂದೆ ತುಂಬಾ ಹೊತ್ತು ಕೂತಿದ್ದಳು. ಎಲ್ಲವನ್ನೂ ಲ್ಯಾಪ್‌ಟಾಪಲ್ಲೂ ಪೆನ್‌ಡ್ರೈವಲ್ಲೂ ಹಾಕಿ, ಅಣ್ಣನಿಗೂ ಕಳಿಸಿದೆ. ಆ ಫೋಟೋ ಗೋಡೆಗೆ ಹಾಕಬೇಕಂತೆ, ಎಷ್ಟು ದೊಡ್ಡದು ಮಾಡಿಸಬಹುದು?

ನೆಹರೂರೋಡ್ ಮದುವೆಫೋಟೋ, ಶಿವಮೊಗ್ಗ

ಓದಿ ತುಂಬಾ ಖುಷಿಯಾಯಿತು ತಂಗಿ. ಫೈಲಿನ ಅಳತೆ ನೋಡು, 4288 ಬೈ 2848 ಇದ್ದರೆ ಅಣ್ಣ ಪೂರ್ತಿ ಗಾತ್ರದಲ್ಲೇ ತೆಗೆದಿದ್ದಾನೆ. 12 ಬೈ 8 ಇಂಚಿಗೆ ಧಾರಾಳ ಸಾಕು, ಬುಟ್ಟಿಯ ಎಳೆಯೂ ಉಳಿಯುತ್ತದೆ. ಮ್ಯಾಟ್ ಕಾಗದದಲ್ಲಿ ಮಾಡಿಸು. ಫ್ರೇಮ್ ಹಾಕುವಾಗ ಗಾಜಿಗೂ ಫೋಟೋಗೂ ನಡುವೆ ಒಂದು ರಟ್ಟಿನ ಅಂಚು ಬಿಡಲು ಹೇಳು, ಇಲ್ಲದಿದ್ದರೆ ನಮ್ಮ ಮಳೆಗಾಲಕ್ಕೆ ಫೋಟೋ ಗಾಜಿಗೆ ಅಂಟಿಕೊಳ್ಳುತ್ತದೆ. ಗಾರೆಗೋಡೆ ಥಂಡಿ ಇದ್ದರೆ ಆ ಕಡೆ ಬೇಡ, ಒಳಗೋಡೆಗೆ ಹಾಕಿ.