ಮ್ಯಾರಥಾನ್ ಓಡಿ ಸತ್ತವನ ಕತೆ ನಿಜವಾ?

ಮುಂಜಾನೆ ಓಟ:
ಕ್ರಿ.ಪೂ. 490ರಲ್ಲಿ ಮ್ಯಾರಥಾನ್ ಬಯಲಲ್ಲಿ ಗ್ರೀಕರು ಪರ್ಷಿಯನ್ನರನ್ನು ಸೋಲಿಸಿದರು, ಆ ಸುದ್ದಿ ಹೊತ್ತು ಫೈಡಿಪ್ಪಿಡೀಸ್ ಅಥೆನ್ಸ್‌ಗೆ ಓಡಿ, ಗೆದ್ದೆವು ಅಂತ ಹೇಳಿ ಅಲ್ಲೇ ಪ್ರಾಣ ಬಿಟ್ಟ. ಈ ಕತೆ ಎಲ್ಲರಿಗೂ ಗೊತ್ತು ಅಲ್ವಾ? ನಿನ್ನೆ ಗೆಳೆಯರೊಬ್ಬರು ಇದೆಲ್ಲ ಆಮೇಲೆ ಕಟ್ಟಿದ್ದು ಅಂದರು. ನನಗೆ ಒಪ್ಪೋಕೆ ಮನಸ್ಸಿಲ್ಲ. ಇಷ್ಟು ಕಾಲ ಜನ ಸುಮ್ನೆ ಹೇಳಿಕೊಂಡು ಬರುತ್ತಾರಾ?

ಹಳೇ ಪುಟ:
ನಿಮ್ಮ ಗೆಳೆಯರು ಹೇಳಿದ್ದು ಸರಿ. ಆ ಯುದ್ಧದ ಬಗ್ಗೆ ಬರೆದವರಲ್ಲಿ ಕಾಲಕ್ಕೆ ಹತ್ತಿರದವನು ಹೆರೊಡೋಟಸ್. ಅವನಲ್ಲಿ ಈ ಓಟವೇ ಇಲ್ಲ. ಇರುವುದು ಬೇರೆ ಓಟ, ಇದಕ್ಕಿಂತ ದೊಡ್ಡದು. ಯುದ್ಧಕ್ಕೆ ಮೊದಲೇ ಫೈಡಿಪ್ಪಿಡೀಸ್‌ನನ್ನು ಸಹಾಯ ಕೇಳಲು ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ ಕಳಿಸಿದರು. ಸುಮಾರು 240 ಕಿ.ಮೀ. ಹೊರಟ ಮರುದಿನವೇ ಮುಟ್ಟಿದ! ಸ್ಪಾರ್ಟಾದವರು ಬರುತ್ತೇವೆ, ಆದರೆ ಹುಣ್ಣಿಮೆಗೆ ಮುಂಚೆ ಹೊರಡುವ ಹಾಗಿಲ್ಲ ಅಂದರು. ಅವರು ಬಂದಾಗ ಯುದ್ಧ ಮುಗಿದಿತ್ತು. ಓಡಿ ಬಂದು ಸತ್ತವನ ಕತೆ ನಮಗೆ ಸಿಗುವುದು ಐನೂರು ವರ್ಷಕ್ಕೂ ಜಾಸ್ತಿ ಆದ ಮೇಲೆ ಪ್ಲುಟಾರ್ಕ್ ಬರೆದದ್ದರಲ್ಲಿ. ಅಲ್ಲೂ ಓಡಿದವನ ಹೆಸರು ಬೇರೆ. ಅದರ ನಂತರ ಲೂಸಿಯನ್ ಅನ್ನುವ ಲೇಖಕ ಆ ಓಟಕ್ಕೆ ಫೈಡಿಪ್ಪಿಡೀಸ್ ಹೆಸರು ಅಂಟಿಸಿದ.

ಸವೆದ ಶೂ:
ಇರಲಿ ಸರ್, ಆದರೆ ಆ ಕತೆ ಇಲ್ಲದಿದ್ದರೆ ಈ ರೇಸೇ ಇರುತ್ತಿರಲಿಲ್ಲ. 1896ರ ಒಲಿಂಪಿಕ್ಸ್‌ಗೆ ಇಂಥದೊಂದು ಓಟ ಸೇರಿಸಿ ಅಂತ ಫ್ರೆಂಚ್ ವಿದ್ವಾಂಸ ಮಿಶೆಲ್ ಬ್ರೆಯಾಲ್ ಸಲಹೆ ಕೊಟ್ಟಿದ್ದೇ ಈ ಕತೆಯಿಂದ. ಆಗ ಸುಮಾರು 40 ಕಿ.ಮೀ. ಇತ್ತು, ಗ್ರೀಸಿನ ಸ್ಪಿರಿಡಾನ್ ಲೂಯಿಸ್ ಗೆದ್ದ. ಈಗಿನ 42.195 ಕಿ.ಮೀ. ಬಂದದ್ದು 1908ರ ಲಂಡನ್‌ನಲ್ಲಿ. ಅವತ್ತಿನ ಡೊರಾಂಡೊ ಪಿಯೆಟ್ರಿಯನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ. ಮೊದಲನೆಯವನಾಗಿ ಸ್ಟೇಡಿಯಂ ಒಳಗೆ ಬಂದು, ದಿಕ್ಕು ತಪ್ಪಿ ತಿರುಗಿ, ಬಿದ್ದು, ಎದ್ದು, ಮತ್ತೆ ಬಿದ್ದು, ಕೊನೆಗೆ ಅಧಿಕಾರಿಗಳು ಕೈಹಿಡಿದು ಗೆರೆ ದಾಟಿಸಿದರು. ಆ ಆಸರೆಗೇ ಅವನನ್ನು ಅನರ್ಹ ಮಾಡಿ ಜಾನಿ ಹೇಯ್ಸ್‌ಗೆ ಚಿನ್ನ ಕೊಟ್ಟರು. ನಿಯಮ ಸರಿ, ಒಪ್ಪುತ್ತೇನೆ. ಆದರೂ ಹೊಟ್ಟೆ ಉರಿಯುತ್ತದೆ.

ನೀಲಿ ಶಾಯಿ:
ಓಡಿದರೆ ಸಾವು ಅನ್ನುವ ಕತೆ ತಲೆಯಲ್ಲಿ ಕೂತಿದ್ದರಿಂದ ನಷ್ಟವೂ ಆಗಿದೆ ಅಂತ ನನ್ನ ಅನಿಸಿಕೆ. ಇಷ್ಟು ದೂರ ಹೆಂಗಸರ ಮೈಗೆ ಆಗುವುದಲ್ಲ ಅಂತ ಎಷ್ಟು ವರ್ಷ ಬಾಗಿಲು ಹಾಕಿದ್ದರು! 1896ರಲ್ಲೇ ಸ್ಟಮಾಟಾ ರೆವಿಥಿ ಅನ್ನುವ ಬಡ ತಾಯಿ ರೇಸಿನ ಮರುದಿನ ಅದೇ ದಾರಿಯನ್ನು ಒಬ್ಬಳೇ ಓಡಿ ಮುಗಿಸಿದಳು. ಸ್ಟೇಡಿಯಂ ಒಳಗೆ ಬಿಡಲಿಲ್ಲ. 1967ರ ಬೋಸ್ಟನ್‌ನಲ್ಲಿ ಕ್ಯಾಥ್ರಿನ್ ಸ್ವಿಟ್ಜರ್ ಓಡುತ್ತಿದ್ದಾಗಲೇ ಒಬ್ಬ ಅಧಿಕಾರಿ ಎದೆ ಮೇಲಿನ ನಂಬರ್ ಕಿತ್ತುಕೊಳ್ಳಲು ನುಗ್ಗಿದ. ಒಲಿಂಪಿಕ್ಸ್‌ನಲ್ಲಿ ಮಹಿಳಾ ಮ್ಯಾರಥಾನ್ ಬಂದದ್ದು 1984ರಲ್ಲಿ. ಹಾಗಾಗಿ ಸತ್ತವನಿಗಿಂತ ಈ ಇಬ್ಬರೇ ನನಗೆ ದೊಡ್ಡವರು.

ಮುಂಜಾನೆ ಓಟ:
ರೆವಿಥಿ ಹೆಸರೇ ಕೇಳಿರಲಿಲ್ಲ ಮೇಡಂ, ಥ್ಯಾಂಕ್ಸ್. ಆದರೆ ಹಳೇ ಪುಟ ಅವರೇ, ಒಂದೂವರೆ ದಿನದಲ್ಲಿ 240 ಕಿ.ಮೀ. ಅಂದರೆ ಅದನ್ನೂ ನಂಬೋಕೆ ಕಷ್ಟ. ನನ್ನ ಮೊದಲ ಮ್ಯಾರಥಾನ್‌ನಲ್ಲಿ 35ನೇ ಕಿ.ಮೀ. ಹತ್ತಿರ ಶೂ ಲೇಸ್ ಬಿಚ್ಚಿಕೊಂಡಿತು. ಬಗ್ಗಿದರೆ ಮತ್ತೆ ಏಳೋಕಾಗಲ್ಲ ಅನ್ನುವ ಭಯಕ್ಕೆ ಕಟ್ಟದೇ ಓಡಿದೆ, ಲೇಸ್ ಕಾಲಿಗೆ ಪಟಪಟ ಹೊಡೆಯುತ್ತಿತ್ತು. ಆ ಸ್ಥಿತಿಯಲ್ಲಿ ಇನ್ನೂ 200 ಕಿ.ಮೀ. ಅಂದರೆ?

ಹಳೇ ಪುಟ:
ಅದೇ ಅನುಮಾನ ಬ್ರಿಟಿಷ್ ವಾಯುಪಡೆಯ ಜಾನ್ ಫೋಡೆನ್‌ಗೂ ಬಂದಿತ್ತು. 1982ರಲ್ಲಿ ಜೊತೆಗಾರರನ್ನು ಕಟ್ಟಿಕೊಂಡು ಓಡಿಯೇ ನೋಡಿದರು, ಮೂವರು ಸ್ಪಾರ್ಟಾ ಮುಟ್ಟಿದರು. ಮುಂದಿನ ವರ್ಷವೇ ಅಥೆನ್ಸ್‌ನಿಂದ ಸ್ಪಾರ್ಟಾಕ್ಕೆ ಓಡುವ ಸ್ಪಾರ್ಟಥ್ಲಾನ್ ರೇಸ್ ಶುರುವಾಯಿತು. 246 ಕಿ.ಮೀ., 36 ಗಂಟೆ ಗಡುವು. ಮೊದಲ ಸಲ ಗೆದ್ದ ಯಾನಿಸ್ ಕೂರೋಸ್‌ಗೆ 22 ಗಂಟೆಯೂ ಬೇಕಾಗಲಿಲ್ಲ.

ಸವೆದ ಶೂ:
ಹಾಗಾದರೆ ಫೈಡಿಪ್ಪಿಡೀಸ್ ಸತ್ತದ್ದು ಯಾವಾಗ?

ಹಳೇ ಪುಟ:
ಸತ್ತ ಅಂತ ಹೆರೊಡೋಟಸ್ ಎಲ್ಲೂ ಹೇಳುವುದಿಲ್ಲ. ದಾರಿಯಲ್ಲಿ ಬೆಟ್ಟದ ಮೇಲೆ ಪ್ಯಾನ್ ದೇವರು ಹೆಸರು ಹಿಡಿದು ಕೂಗಿದ, ಅಥೆನ್ಸ್‌ನವರು ನನ್ನನ್ನೇಕೆ ಪೂಜಿಸುವುದಿಲ್ಲ ಅಂತ ಕೇಳಿದ, ಹೀಗಂತ ಅವನೇ ವಾಪಸ್ ಬಂದು ಊರಿನವರಿಗೆ ಹೇಳಿದನಂತೆ. ಅಂದರೆ ಜೀವಂತ ಮರಳಿದ್ದಾನೆ. ಊರಿನವರು ಅವನ ಮಾತು ನಂಬಿ ಅಥೆನ್ಸ್‌ನ ಅಕ್ರೊಪೊಲಿಸ್ ಗುಡ್ಡದ ಬುಡದಲ್ಲಿ ಪ್ಯಾನ್‌ಗೆ ಗುಡಿಯನ್ನೂ ಮಾಡಿದರು.