ಮಗಳ ‘ಮಸ್ಟ್ ನಾಟ್’ ಸರಿಮಾಡೋದು ಹೇಗೆ?

ಎಲ್ಲರಿಗೂ ನಮಸ್ಕಾರ. ‘ನೀನು ಬರಲೇಬೇಕು ಅಂತೇನಿಲ್ಲ’ ಅನ್ನೋಕೆ ಮಗಳು ಗೆಳತಿಯರಿಗೆ ‘ಯೂ ಮಸ್ಟ್ ನಾಟ್ ಕಮ್’ ಅಂತಾಳೆ. ಅವರು ಮುನಿಸಿಕೊಳ್ತಾರೆ, ಇವಳಿಗೆ ಯಾಕೆ ಅಂತ ತಿಳಿಯಲ್ಲ. ಮಸ್ಟ್, ಕ್ಯಾನ್, ಮೇ ಎಲ್ಲ ಹೇಗೆ ಹೇಳಿಕೊಡೋದು?

— ಮೇಡಂ, ಕನ್ನಡದಿಂದಲೇ ಹಿಡಿಯಿರಿ. ‘ಬರಬಾರದು’ ಅಂದ್ರೆ ಮಸ್ಟ್ ನಾಟ್, ‘ಬರಬೇಕಾಗಿಲ್ಲ’ ಅಂದ್ರೆ ಡೋಂಟ್ ಹ್ಯಾವ್ ಟು. ಮಸ್ಟ್, ಹ್ಯಾವ್ ಟು ಎರಡೂ ‘ಬೇಕು’ ತಾನೇ ಅಂತ ಮಕ್ಕಳು ನಾಟ್ ಅಂಟಿಸಿಬಿಡ್ತಾರೆ, ಅಲ್ಲೇ ಎಡವೋದು. ‘ಹೇಳಬೇಕಾಯ್ತು’, ‘ಹೇಳಬೇಕಿತ್ತು’ ಕೂಡ ಹಾಗೇ. ಮೊದಲನೆಯದು ಹೇಳಿ ಆಗಿದೆ: ಹ್ಯಾಡ್ ಟು ಟೆಲ್. ಎರಡನೆಯದು ಹೇಳದೆ ಬಿಟ್ಟದ್ದು: ಶುಡ್ ಹ್ಯಾವ್ ಟೋಲ್ಡ್. ಎರಡಕ್ಕೂ ಹ್ಯಾಡ್ ಟು ಹಾಕಿದ್ರೆ ಅರ್ಥ ತಿರುಗುಮುರುಗಾಗುತ್ತೆ. ಇನ್ನು ‘ಮನೇಲಿರಬೇಕು’ ಅನ್ನೋ ಊಹೆಗೆ ಮಸ್ಟ್ ಬಿ. ‘ಮನೇಲಿರೋಕೆ ಸಾಧ್ಯವೇ ಇಲ್ಲ’ ಅನ್ನೋಕೆ ಕಾಂಟ್ ಬಿ, ಮಸ್ಟ್ ನಾಟ್ ಬಿ ತಪ್ಪು.

— ತಪ್ಪು ಅನ್ನೋಕಾಗಲ್ಲ ಸರ್. ಅಮೆರಿಕದ ಕಡೆ ‘ಹೀ ಮಸ್ಟ್ ನಾಟ್ ಬಿ ಹೋಮ್’ ಅಂತ ಊಹೆಗೂ ಬಳಸ್ತಾರೆ.

— ಇಷ್ಟೆಲ್ಲ ವ್ಯಾಕರಣ ಯಾಕ್ರೀ? ಇಂಗ್ಲಿಷ್ ಹೇಗೂ ಶಾಲೇಲಿ ತಾನಾಗೇ ಬರುತ್ತೆ. ಕನ್ನಡ ಹೋದ್ರೆ ವಾಪಸ್ ಬರಲ್ಲ. ಮನೇಲಿ ಅಪ್ಪ ಅಮ್ಮ ಇಬ್ಬರೂ ಬರೀ ಕನ್ನಡ ಮಾತಾಡಬೇಕು. ಎಷ್ಟು ಸಲ ಹೇಳಿದ್ರೂ ಈ ಗುಂಪಿನಲ್ಲಿ ಯಾರೂ ಕೇಳಲ್ಲ.

— ನೂರಕ್ಕೆ ನೂರು ಸತ್ಯ. ಅಜ್ಜಿ ಜೊತೆ ಫೋನಲ್ಲಿ ಎರಡು ಮಾತಾಡೋಕೆ ಬರದ ಮೇಲೆ ಮಸ್ಟ್ ಕಟ್ಕೊಂಡು ಏನು ಮಾಡೋದು!

— ಅವರು ಕೇಳಿದ್ದು ಅದಲ್ಲವಲ್ಲ. ಮೇಡಂ, ಉಚ್ಚಾರಣೇನೂ ನೋಡಿ. ‘ಐ ಕ್ಯಾನ್ ಕಮ್’ನಲ್ಲಿ ಒತ್ತು ಬೀಳೋದು ಕಮ್ ಮೇಲೆ, ಕ್ಯಾನ್ ‘ಕನ್’ ಅಂತ ಸಣ್ಣದಾಗಿ ಹೋಗುತ್ತೆ. ನಾವು ಕ್ಯಾನ್ ಅನ್ನೋದನ್ನೇ ಒತ್ತಿ ಹೇಳ್ತೀವಿ, ಎದುರಿನವರಿಗೆ ಅದು ‘ಕಾಂಟ್’ ಅಂತ ಕೇಳಿಸಬಹುದು. ಇನ್ನೊಂದು, ಕಳೆದದ್ದಕ್ಕೆಲ್ಲ ಕುಡ್ ಬೇಡ. ‘ಚಿಕ್ಕವನಿದ್ದಾಗ ಈಜೋಕೆ ಬರ್ತಿತ್ತು’ ಅನ್ನೋಕೆ ಕುಡ್ ಸ್ವಿಮ್ ಸರಿ. ಒಂದು ಸಲ ಕಷ್ಟಪಟ್ಟು ದಡ ಸೇರಿದ್ದಕ್ಕೆ ವಾಸ್ ಏಬಲ್ ಟು. ಆಗದೇ ಇದ್ದದ್ದಕ್ಕೆ ಮಾತ್ರ ಕುಡಂಟ್ ಎರಡೂ ಕಡೆ ನಡೆಯುತ್ತೆ. ‘ವಿಲ್ ಕ್ಯಾನ್’ ಅಂತೂ ಇಲ್ಲವೇ ಇಲ್ಲ, ವಿಲ್ ಬಿ ಏಬಲ್ ಟು.

— ಬರವಣಿಗೆಯಲ್ಲಿ ‘ಕುಡ್ ಆಫ್’ ಕಂಡರೆ ‘ಕುಡ್ ಹ್ಯಾವ್’ ಅಂತ ತಿದ್ದಿ. ‘ಕುಡ್‌ವ್’ ಅಂತ ಕಿವಿಗೆ ಬಿದ್ದದ್ದನ್ನ ಹಾಗೇ ಬರೀತಾರೆ, ಇಂಗ್ಲಿಷೇ ಮನೆಮಾತಾದ ಮಕ್ಕಳೂ ಇದರಲ್ಲಿ ಜಾರ್ತಾರೆ.

— ಭಾನುವಾರದ ಕನ್ನಡ ತರಗತಿಗೆ ಸೇರಿಸಿ ಮೇಡಂ, ಎಲ್ಲ ಸರಿಹೋಗುತ್ತೆ.

— ಎಲ್ಲರಿಗೂ ಥ್ಯಾಂಕ್ಸ್. ‘ಸಂಜೆ ಮಳೆ ಬರಬಹುದು’ ಅನ್ನೋಕೆ ಕ್ಯಾನ್ ಬರುತ್ತಾ?

— ಬರಲ್ಲ. ಇವತ್ತಿನ ಸಂಜೆಯ ಮಾತಾದ್ರೆ ಮೈಟ್ ಅಥವಾ ಮೇ. ‘ಇಲ್ಲಿ ಬೇಸಿಗೇಲೂ ಮಳೆ ಬರೋದುಂಟು’ ಅನ್ನೋಕೆ ಕ್ಯಾನ್.