ಪಿಯುಸಿ ನಂತರ ಚೀನೀ ಭಾಷೆಯ ಪದವಿ: ಸಾಹಿತ್ಯದ ಪಾಠಗಳು ನಿಜವಾಗಿಯೂ ಬೇಕೇ?

ಎಡದಂಡೆ ಕಾಲುವೆ (ಸಿಂಧನೂರು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಸಿಂಧನೂರಿನಲ್ಲಿ ಕಲಾ ವಿಭಾಗದ ದ್ವಿತೀಯ ಪಿಯುಸಿ ಓದುತ್ತಿರುವ, ಕನ್ನಡ ಮಾಧ್ಯಮದಲ್ಲಿ ಕಲಿತು ಬಂದ ವಿದ್ಯಾರ್ಥಿನಿ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಚೀನೀ ಭಾಷೆಯ ಬಿ.ಎ. ಆನರ್ಸ್ ಇದೆಯೆಂದೂ, ಸಿಯುಇಟಿ ಪ್ರವೇಶ ಪರೀಕ್ಷೆ ಬರೆದು ಸೇರಬಹುದೆಂದೂ, ಅಲ್ಲಿ ಭಾಷೆಯನ್ನು ಮೊದಲ ಅಕ್ಷರದಿಂದಲೇ ಕಲಿಸುತ್ತಾರೆಂದೂ ತಿಳಿದುಕೊಂಡಿದ್ದೇನೆ. ಶಾಂತಿನಿಕೇತನದ ವಿಶ್ವಭಾರತಿಯಲ್ಲಿ 1937ರಲ್ಲಿ ಆರಂಭವಾದ ಚೀನಾ ಭವನವೂ ನನ್ನ ಪಟ್ಟಿಯಲ್ಲಿದೆ.

ನಮ್ಮ ತಂದೆ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಅಷ್ಟು ದೂರ ಕಳುಹಿಸಲು ಅವರು ಒಪ್ಪಿದ್ದಾರೆ. ಆದರೆ ಮಾತು ಮತ್ತು ಬರಹ ಕಲಿತರೆ ದುಭಾಷಿಯ ಕೆಲಸಕ್ಕೆ ಸಾಕು, ಸಾವಿರ ವರ್ಷ ಹಿಂದಿನ ಪದ್ಯಗಳನ್ನು ಓದಲು ವರ್ಷಗಟ್ಟಲೆ ಹಾಸ್ಟೆಲ್ ಖರ್ಚು ಏಕೆ ಎಂಬುದು ಅವರ ಪ್ರಶ್ನೆ. ಅದಕ್ಕೆ ಉತ್ತರ ಕೊಡಲು ನನಗೆ ಆಗಲಿಲ್ಲ. ಜೊತೆಗೆ, ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಈ ಭಾಷೆ ಇನ್ನೂ ಕಷ್ಟವಾಗುತ್ತದೆಯೇ? ತಿಳಿದವರು ದಯವಿಟ್ಟು ತಿಳಿಸಿ.

ಸಂಡೂರಿನ ಹಳಬ ಬರೆದ ಉತ್ತರ:

ತಂಗೀ, ನಿನ್ನ ತಂದೆಯವರ ಮಾತನ್ನು ಹಗುರವಾಗಿ ಎಣಿಸಬೇಡ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ನಮ್ಮ ಸಂಡೂರು, ಹೊಸಪೇಟೆಯ ಅದಿರು ಚೀನಾಕ್ಕೆ ಹೋಗುತ್ತಿದ್ದಾಗ ನಾನು ಒಂದು ಸಾಗಣೆ ಕಚೇರಿಯಲ್ಲಿದ್ದೆ. ಆಗ ನಾಲ್ಕು ಮಾತು ಚೀನೀ ಬರುತ್ತಿದ್ದವನಿಗೂ ಬಹಳ ಬೆಲೆಯಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ, ಲಾರಿಗಳ ಜೊತೆಗೆ ಆ ದುಭಾಷಿಗಳೂ ಕಾಣದಾದರು.

ಆದರೆ ಅದೇ ಕಚೇರಿಯಲ್ಲಿ ಕಂಡ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಅದಿರಿನ ಕಬ್ಬಿಣಾಂಶ, ತೇವಾಂಶದ ಬಗ್ಗೆ ತಕರಾರು ಬಂದು ಕಾಗದಪತ್ರ ಓದಬೇಕಾದಾಗ, ಬಾಯಿಮಾತಷ್ಟೇ ಬಲ್ಲವರು ಸುಮ್ಮನೆ ಕೂರುತ್ತಿದ್ದರು. ಓದಲು ಬಲ್ಲವರನ್ನು ಹೊರಗಿನಿಂದ ಕರೆಸಬೇಕಾಗುತ್ತಿತ್ತು. ಸಾಹಿತ್ಯದ ಬಗ್ಗೆ ಹೇಳುವಷ್ಟು ನಾನು ಓದಿದವನಲ್ಲ.

ಗವಿಮಠದ ಹಾದಿ (ಕೊಪ್ಪಳ) ಬರೆದ ಉತ್ತರ:

ನಾನು ದೆಹಲಿಯಲ್ಲಿ ಇದೇ ವಿಷಯದ ಪದವಿ ಮುಗಿಸಿ ಈಗ ಅನುವಾದದ ಕೆಲಸ ಮಾಡುತ್ತಿದ್ದೇನೆ. ಮೊದಲು ನಿಮ್ಮ ಎರಡನೆಯ ಪ್ರಶ್ನೆಯನ್ನು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅಲ್ಲಿ ನಿಮಗೆ ಭಯಕ್ಕಿಂತ ಅನುಕೂಲವೇ ಹೆಚ್ಚು.

ಚೀನೀ ಉಚ್ಚಾರಣೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿ 1958ರಲ್ಲಿ ಜಾರಿಗೆ ಬಂತು. ಅದರಲ್ಲಿ ‘ಬಿ’ ಮತ್ತು ‘ಪಿ’ ಅಕ್ಷರಗಳ ನಡುವಿನ ವ್ಯತ್ಯಾಸ ನಮ್ಮ ಬ–ಪ ವ್ಯತ್ಯಾಸವಲ್ಲ, ಪ–ಫ ವ್ಯತ್ಯಾಸ, ಅಂದರೆ ಅಲ್ಪಪ್ರಾಣ ಮತ್ತು ಮಹಾಪ್ರಾಣ. ತ–ಥ, ಕ–ಖ ಜೋಡಿಗಳೂ ಹಾಗೆಯೇ. ನಾವು ಬೀಜಿಂಗ್ ಎಂದು ಬರೆಯುವ ಊರಿನ ಹೆಸರು ಅಲ್ಲಿಯವರ ಬಾಯಲ್ಲಿ ‘ಪ’ಕಾರದಿಂದ ಶುರುವಾಗುತ್ತದೆ. ಇಂಗ್ಲಿಷ್ ಮೂಲಕ ಕಲಿತ ನನ್ನ ಸಹಪಾಠಿಗಳು ತಿಂಗಳುಗಟ್ಟಲೆ ತಿಣುಕಾಡಿದ್ದನ್ನು ಕನ್ನಡ ಅಕ್ಷರಮಾಲೆ ಒಂದು ಸಾಲಿನಲ್ಲಿ ತೋರಿಸಿಕೊಡುತ್ತದೆ. (ನಾವು ಮಹಾಪ್ರಾಣಗಳನ್ನು ಬರೆಯುತ್ತೇವೆಯೇ ಹೊರತು ಎಲ್ಲರೂ ನುಡಿಯುವುದಿಲ್ಲ ಎಂಬುದು ಬೇರೆ ಮಾತು. ಅಭ್ಯಾಸ ಬೇಕು.)

ವಾಕ್ಯರಚನೆಯಲ್ಲಿ ಕ್ರಿಯಾಪದ ಕರ್ಮಕ್ಕಿಂತ ಮುಂಚೆ ಬರುತ್ತದೆ. ಅಲ್ಲಿ ಕನ್ನಡ ನೆರವಾಗುವುದಿಲ್ಲ. ಆದರೆ ‘ನಾನು ಕೊಂಡ ಪುಸ್ತಕ’ ಎಂಬುದನ್ನು ಚೀನೀ ಭಾಷೆಯಲ್ಲಿ ಇದೇ ಕ್ರಮದಲ್ಲಿ ಹೇಳುತ್ತಾರೆ, ಪುಸ್ತಕ ಕೊನೆಗೇ ಬರುತ್ತದೆ. ನಾವು ‘ಬಂದೆಯಾ’ ಎಂದು ಕೊನೆಯಲ್ಲಿ ‘ಆ’ ಸೇರಿಸಿ ಪ್ರಶ್ನೆ ಮಾಡುವಂತೆ ಅವರು ವಾಕ್ಯದ ಕೊನೆಗೆ ‘ಮಾ’ ಸೇರಿಸುತ್ತಾರೆ. ಕಷ್ಟವಿರುವುದು ಸ್ವರದ ಏರಿಳಿತದಲ್ಲಿ. ನಾಲ್ಕು ಸ್ವರಗಳಲ್ಲಿ ‘ಮಾ’ ಎಂದರೆ ಕ್ರಮವಾಗಿ ತಾಯಿ, ಸೆಣಬು, ಕುದುರೆ, ಬೈಯುವುದು. ಲಿಪಿಯಲ್ಲಿ ತಾಯಿಯನ್ನು ಬರೆಯಲು ಎಡಕ್ಕೆ ‘ಹೆಣ್ಣು’, ಬಲಕ್ಕೆ ‘ಕುದುರೆ’ ಎಂಬ ಚಿಹ್ನೆಗಳನ್ನು ಕೂಡಿಸುತ್ತಾರೆ. ಹೆಣ್ಣು ಅರ್ಥಕ್ಕೆ, ಕುದುರೆ ಕೇವಲ ಉಚ್ಚಾರಣೆಗೆ. ಹೆಚ್ಚಿನ ಅಕ್ಷರಗಳು ಹೀಗೆಯೇ ಕಟ್ಟಿದವು, ಆದ್ದರಿಂದ ಸಾವಿರಾರು ಚಿತ್ರಗಳನ್ನು ಬಾಯಿಪಾಠ ಮಾಡಬೇಕೆಂಬ ಹೆದರಿಕೆ ಅರ್ಧ ಮಾತ್ರ ನಿಜ.

ಈಗ ತಂದೆಯವರ ಪ್ರಶ್ನೆ. ಚೀನೀ ಭಾಷಾ ಸಾಮರ್ಥ್ಯವನ್ನು ಅಳೆಯುವ ಎಚ್‌ಎಸ್‌ಕೆ ಪರೀಕ್ಷೆಯ ಆರು ಹಂತಗಳ ಪದ್ಧತಿಯಲ್ಲಿ ನಾಲ್ಕನೆಯ ಹಂತಕ್ಕೆ 1200 ಪದಗಳು ಸಾಕು, ಆರನೆಯದಕ್ಕೆ 5000 ಬೇಕು. ನಾಲ್ಕರವರೆಗೆ ಭಾಷಾ ತರಗತಿಯೊಂದೇ ಕೊಂಡೊಯ್ಯುತ್ತದೆ. ಅದರಾಚೆಗೆ ಪತ್ರಿಕೆಯ ಸಂಪಾದಕೀಯವನ್ನೋ ಅಧಿಕೃತ ಪತ್ರವನ್ನೋ ತೆರೆದರೆ ‘ಛಂಗ್‌ಯು’ ಎಂಬ, ಸಾಮಾನ್ಯವಾಗಿ ನಾಲ್ಕೇ ಅಕ್ಷರಗಳ ನುಡಿಗಟ್ಟುಗಳು ಎದುರಾಗುತ್ತವೆ. ಬಹಳಷ್ಟು ಹಳೆಯ ಗ್ರಂಥಗಳ ಕಥೆಗಳಿಂದ ಬಂದವು, ಬಿಡಿ ಪದಗಳ ಅರ್ಥ ಕೂಡಿಸಿದರೆ ಬಗೆಹರಿಯುವುದಿಲ್ಲ. ‘ಮುದುಕ ಕುದುರೆ ಕಳೆದುಕೊಂಡ’ ಎಂದು ಬರೆದಿದ್ದರೆ, ಆ ಕುದುರೆ ಮುಂದೆ ಇನ್ನೊಂದು ಕುದುರೆಯನ್ನು ಕರೆದುಕೊಂಡು ಬಂದ ಕಥೆ ತಿಳಿಯದವರು ಅದನ್ನು ನಷ್ಟದ ಸುದ್ದಿಯೆಂದೇ ಅನುವಾದಿಸಿಯಾರು. ಕೆಲವು ಮಾತ್ರ ನಮಗೆ ತಕ್ಷಣ ಹೊಳೆಯುತ್ತವೆ. ಹಸುವಿನ ಮುಂದೆ ತಂತಿವಾದ್ಯ ನುಡಿಸುವುದು ಎಂದರೆ ನಮ್ಮ ಕೋಣನ ಮುಂದಿನ ಕಿನ್ನರಿಯೇ.

ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅಲ್ಲಿ ಗಂಭೀರ ಬರವಣಿಗೆ ನಡೆದದ್ದು ‘ವೆನ್‌ಯೆನ್’ ಎಂಬ ಪ್ರಾಚೀನ ಶೈಲಿಯಲ್ಲಿ. 1918ರಲ್ಲಿ ಲು ಶುನ್ ಆಡುನುಡಿಯಲ್ಲಿ ಬರೆದು ಪ್ರಕಟಿಸಿದ ಕಥೆ ದೊಡ್ಡ ತಿರುವಾಯಿತು, ಆದರೂ ಹಳೆಯ ಶೈಲಿ ಇಂದಿನ ಗದ್ಯದೊಳಗೆ ಎಲ್ಲೆಡೆ ಉಳಿದುಕೊಂಡಿದೆ. ಪಂಪ, ರನ್ನರ ಪದ್ಯಗಳನ್ನು ಪಠ್ಯದಲ್ಲಿ ಬಿಡಿಸಿ ಓದಿರುವ ನಿಮಗೆ ಈ ಶ್ರಮ ಹೊಸದೇನಲ್ಲ. ಎಂಟನೆಯ ಶತಮಾನದ ಲಿ ಬಾಯ್, ದು ಫು ಅವರ ಪದ್ಯಗಳನ್ನು ಓದಿಸುವುದು ಅಲಂಕಾರಕ್ಕಲ್ಲ. ಲಿ ಬಾಯ್‌ನ ಇಪ್ಪತ್ತೇ ಅಕ್ಷರಗಳ ಒಂದು ಪದ್ಯದಲ್ಲಿ ಬೆಳದಿಂಗಳನ್ನು ನೆಲದ ಮೇಲಿನ ಹಿಮವೆಂದು ಭ್ರಮಿಸಿದವನಿಗೆ ಊರು ನೆನಪಾಗುತ್ತದೆ. ದೆಹಲಿಯ ಮೊದಲ ಡಿಸೆಂಬರ್‌ನಲ್ಲಿ ಅದನ್ನು ಓದಿದಾಗ ನಾನು ಕೊಪ್ಪಳದ ಬೆಟ್ಟಗಳನ್ನು ನೆನೆದು ಕೂತಿದ್ದೆ, ಇದು ಅನುವಾದದ ಕೆಲಸಕ್ಕೆ ಸಂಬಂಧವಿಲ್ಲದ ಮಾತು.

ಬಾಯಿಮಾತಿನ ಕೆಲಸವಷ್ಟೇ ಬೇಕಾದರೆ ತಂದೆಯವರು ಹೇಳುವುದು ಸರಿ, ಒಂದು ಸರ್ಟಿಫಿಕೇಟ್ ಕೋರ್ಸ್ ಸಾಕು. ಅನುವಾದ, ಬೋಧನೆ, ಸಂಶೋಧನೆಯ ಕಡೆಗೆ ಹೋಗುವುದಾದರೆ ಸಾಕಾಗದು.

ಎಡದಂಡೆ ಕಾಲುವೆ:

ಇಬ್ಬರಿಗೂ ಧನ್ಯವಾದಗಳು. ಕುದುರೆಯ ಕಥೆಯನ್ನು ತಂದೆಯವರಿಗೆ ಓದಿ ಹೇಳಿದೆ. ಹಾಗಾದರೆ ಅರ್ಜಿ ಹಾಕು ಎಂದರು. ಪರೀಕ್ಷೆಗೆ ಮುಂಚೆ ಮನೆಯಲ್ಲಿಯೇ ಮಾಡಬಹುದಾದ ಅಭ್ಯಾಸ ಏನಾದರೂ ಇದೆಯೇ?

ಗವಿಮಠದ ಹಾದಿ:

ಸದ್ಯಕ್ಕೆ ಸಿಯುಇಟಿಯ ಸಾಮಾನ್ಯ ಪತ್ರಿಕೆಗೆ ಓದಿ, ಅಕ್ಷರಗಳನ್ನು ಅಲ್ಲಿಯೇ ಕಲಿಸುತ್ತಾರೆ. ಬಿಡುವಾದಾಗ ತುಟಿಯ ಮುಂದೆ ತೆಳುವಾದ ಕಾಗದದ ಚೂರು ಹಿಡಿದು ‘ಪ’, ‘ಫ’ ಎನ್ನಿ. ‘ಫೋನ್’ ಎನ್ನುವಾಗಿನ ಫ ಅಲ್ಲ, ಎರಡೂ ತುಟಿ ಮುಚ್ಚಿ ತೆರೆಯುವ ಫ. ಮೊದಲನೆಯದಕ್ಕೆ ಕಾಗದ ಅಲುಗಬಾರದು, ಎರಡನೆಯದಕ್ಕೆ ಹಾರಬೇಕು.